ಎಡಿಎಚ್‌ಡಿ ಇರುವವರು ಕೆಲಸ ಹುಡುಕುವಾಗ: ಹುದ್ದೆಯ ಹೆಸರಿಗಿಂತ ದಿನಚರಿ ನೋಡಿ

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಕಾಣಿಸುವ, ಚಿಕ್ಕಂದಿನಿಂದಲೇ ಇರುವ ತೊಂದರೆ) ಇರುವವರಿಗೆ ಯಾವ ಕೆಲಸ ಒಳ್ಳೆಯದು ಅಂತ ಹುಡುಕಿದರೆ ಒಂದು ಪಟ್ಟಿ ಸಿಗುತ್ತದೆ. ಅಗ್ನಿಶಾಮಕ ದಳ, ಪತ್ರಕರ್ತ, ಸ್ವಂತ ವ್ಯಾಪಾರ, ಹೀಗೆ. ಅದನ್ನು ನಂಬಿ ದಾರಿ ಬದಲಿಸಬೇಡಿ. ದಿನಪತ್ರಿಕೆಯ ವರದಿಗಾರ ಸಂಜೆಯೊಳಗೆ ಸುದ್ದಿ ಕೊಡಬೇಕು. ತನಿಖಾ ವರದಿ ಬರೆಯುವವರು ತಿಂಗಳುಗಟ್ಟಲೆ ಒಂದೇ ವಿಷಯದ ಕಡತ ಓದಬೇಕು. ಇಬ್ಬರೂ ಪತ್ರಕರ್ತರೇ, ಅಲ್ವಾ?

ನಾನು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರ ರಿಪೇರಿ ಮಾಡುತ್ತೇನೆ. ಮೊದಲು ಇದೇ ಯಂತ್ರಗಳ ಟೆಂಡರ್ ದಾಖಲೆ ತಯಾರಿಸುವ ಕೆಲಸದಲ್ಲಿದ್ದೆ. ಯಂತ್ರ ಅದೇ, ತಲೆಯೂ ಅದೇ. ಆದರೆ ಟೆಂಡರ್‌ಗೆ ವಾರಗಟ್ಟಲೆ ಸಮಯ ಇರುತ್ತಿತ್ತು, ಕೊನೆಯ ದಿನದವರೆಗೆ ಕೈ ಓಡುತ್ತಲೇ ಇರಲಿಲ್ಲ. ಈಗ ಹೋದ ಕಡೆ ಕಂಡಕ್ಟಿವಿಟಿ ಅಲಾರಂ (ಡಯಾಲಿಸಿಸ್ ದ್ರವದಲ್ಲಿ ಲವಣದ ಪ್ರಮಾಣ ತಪ್ಪಿದರೆ ಬರುವ ಎಚ್ಚರಿಕೆ) ಕೂಗುತ್ತಿರುತ್ತದೆ. ಟೆಕ್ನಿಷಿಯನ್ ಪಕ್ಕದಲ್ಲೇ ನಿಂತು ಕಾಯುತ್ತಿರುತ್ತಾರೆ. ಸರಿಯಾಯಿತೋ ಇಲ್ಲವೋ ಅನ್ನುವುದು ಯಂತ್ರ ಮತ್ತೆ ಚಾಲೂ ಮಾಡಿದ ತಕ್ಷಣ ಗೊತ್ತಾಗುತ್ತದೆ. ನನ್ನ ಗಮನ ನಿಲ್ಲುವುದು ಇಂಥ ಕಡೆ.

ಎಡಿಎಚ್‌ಡಿ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ರಸಲ್ ಬಾರ್ಕ್ಲಿ ಹೇಳುವುದೂ ಇದನ್ನೇ. ನಮಗೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಗೊತ್ತಿರುವುದನ್ನು ಬೇಕಾದ ಹೊತ್ತಿಗೆ ಮಾಡುವುದು ಕಷ್ಟ. ಹಾಗಾಗಿ 'ನನಗೆ ಏನು ಬರುತ್ತದೆ' ಅನ್ನುವ ಪ್ರಶ್ನೆ ಸಾಲದು. 'ಯಾವಾಗ ನಾನು ಯಾರೂ ತಳ್ಳದೆ ಶುರು ಮಾಡಿದೆ' ಅಂತ ಕೇಳಿಕೊಳ್ಳಿ.

ಒಂದು ಹಾಳೆ ತೆಗೆದುಕೊಳ್ಳಿ. ಇದುವರೆಗೆ ಮಾಡಿದ ಕೆಲಸಗಳನ್ನೆಲ್ಲ ಬರೆಯಿರಿ. ಸಂಬಳ ಇಲ್ಲದವೂ ಇರಲಿ: ನಾಟಕಕ್ಕೆ ಲೈಟ್ ಹಾಕಿದ್ದು, ಮದುವೆಯ ಓಡಾಟ ಹೊತ್ತಿದ್ದು. ಒಂದೊಂದರ ಪಕ್ಕದಲ್ಲೂ ಬರೆಯಿರಿ: ಫಲ ಎಷ್ಟು ಬೇಗ ಕಾಣುತ್ತಿತ್ತು? ಯಾರಾದರೂ ಕಾಯುತ್ತಿದ್ದರಾ? ಕೂತು ಮಾಡಿದ್ದಾ, ಓಡಾಡಿ ಮಾಡಿದ್ದಾ? ಎಷ್ಟು ಸಲ ಮಧ್ಯೆ ಯಾರೋ ಬಂದು ಕರೆಯುತ್ತಿದ್ದರು? ಕಾಗದ ಪತ್ರ ಯಾರು ನೋಡಿಕೊಂಡರು? ಚೆನ್ನಾಗಿ ನಡೆದವುಗಳ ಉತ್ತರಗಳು ಒಂದಕ್ಕೊಂದು ಹೋಲುತ್ತಾ ಬರುತ್ತವೆ. ನಿಮ್ಮ ಪಟ್ಟಿ ಅದು.

ನಿಮ್ಮ ಉತ್ತರ ನನ್ನ ಥರ ಇರಬೇಕಿಲ್ಲ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಎಡಿಎಚ್‌ಡಿಯನ್ನು ಮೂರು ರೂಪಗಳಲ್ಲಿ ಗುರುತಿಸುತ್ತದೆ: ಮುಖ್ಯವಾಗಿ ಗಮನದ ತೊಂದರೆ, ಮುಖ್ಯವಾಗಿ ಚಡಪಡಿಕೆ ಮತ್ತು ದುಡುಕು, ಇಲ್ಲವೇ ಎರಡೂ. ಗಮನದ ತೊಂದರೆಯೇ ಜಾಸ್ತಿ ಇರುವವರು ಗದ್ದಲದ, ನಿಮಿಷಕ್ಕೊಂದು ಕರೆ ಬರುವ ಜಾಗದಲ್ಲಿ ಸುಸ್ತಾಗಿ ಹೋಗಬಹುದು. ಅಂಥವರಿಗೆ ಒಂದು ಹೊತ್ತಿಗೆ ಒಂದೇ ಕೆಲಸ ಇರುವ, ಬಾಗಿಲು ಮುಚ್ಚಿಕೊಳ್ಳಬಹುದಾದ ಜಾಗ ಹೆಚ್ಚು ಹಿತ. 'ಸದಾ ರೋಚಕವಾಗಿರಬೇಕು' ಅನ್ನುವ ಸಲಹೆ ಎಲ್ಲರಿಗೂ ಹೊಂದುವುದಿಲ್ಲ.

ಆಮೇಲೆ, ನಿಮಗೆ ಇಷ್ಟವಾದ ಕೆಲಸವನ್ನು ಕೆಲವು ವರ್ಷದಿಂದ ಮಾಡುತ್ತಿರುವವರನ್ನು ಹುಡುಕಿ. 'ಕೆಲಸ ಹೇಗಿದೆ' ಅಂತ ಕೇಳಬೇಡಿ. 'ನಿನ್ನೆ ಬೆಳಗ್ಗೆಯಿಂದ ಏನೇನು ಮಾಡಿದಿರಿ' ಅಂತ ಕೇಳಿ. ಯಾವ ಭಾಗವನ್ನು ಮುಂದಕ್ಕೆ ಹಾಕುತ್ತೀರಿ ಅಂತಲೂ ಕೇಳಿ. ಹೊಸತರಲ್ಲಿ ಎಲ್ಲವೂ ನಮ್ಮನ್ನು ಎಳೆಯುತ್ತದೆ. ಹೊಸತನ ಹೋದ ಮೇಲೆ ಏನು ಉಳಿಯುತ್ತದೆ ಅನ್ನುವುದನ್ನು ಅವರು ಹೇಳಬಲ್ಲರು. ಇದೇ ಕಾರಣಕ್ಕೆ, ಉತ್ಸಾಹ ಉಕ್ಕಿದ ವಾರವೇ ರಾಜೀನಾಮೆ ಕೊಡಬೇಡಿ. ಇರುವ ಕಂಪನಿಯಲ್ಲೇ ಬೇರೆ ವಿಭಾಗಕ್ಕೆ ಹೋಗಲು ಸಾಧ್ಯವೇ ನೋಡಿ, ಇಲ್ಲವೇ ವಾರಾಂತ್ಯದಲ್ಲಿ ಸಣ್ಣದಾಗಿ ಮಾಡಿ ನೋಡಿ.

ಬೇಜಾರಿನ ಭಾಗ ಇಲ್ಲದ ಕೆಲಸ ಇಲ್ಲ. ಸೇರುವ ಮೊದಲೇ ಅದಕ್ಕೊಂದು ವ್ಯವಸ್ಥೆ ಯೋಚಿಸಿ. ನನಗೆ ಅದು ಸರ್ವಿಸ್ ರಿಪೋರ್ಟ್. ಯಂತ್ರದ ಪಕ್ಕದಲ್ಲಿ ನಿಂತೇ, ಬ್ಯಾಗ್ ಮುಚ್ಚುವ ಮೊದಲು, ಫೋನಿಗೆ ಬಾಯಲ್ಲಿ ಹೇಳಿ ಮುಗಿಸುತ್ತೇನೆ. ಆಮೇಲೆ ತಿದ್ದುವುದಷ್ಟೇ ಉಳಿಯುತ್ತದೆ. ಕೆಲವರಿಗೆ ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಪಾಡಿಗೆ ಏನೋ ಮಾಡುತ್ತಾ ಸುಮ್ನೆ ಕೂತಿದ್ದರೆ ಸಾಕು, ಲೆಕ್ಕಪತ್ರ ಮುಗಿಯುತ್ತದೆ.

ಇನ್ನೂ ತಪಾಸಣೆ ಆಗಿಲ್ಲವಾದರೆ ಮನೋವೈದ್ಯರನ್ನು ಕಾಣಿ. ನಿದ್ರೆಯ ಕೊರತೆ, ಆತಂಕ, ಥೈರಾಯ್ಡ್ ತೊಂದರೆ ಕೂಡ ಹೀಗೇ ಕಾಣಿಸಬಹುದು. 12 ವರ್ಷಕ್ಕೆ ಮೊದಲೇ ಲಕ್ಷಣಗಳಿದ್ದವಾ ಅಂತ ಅವರು ಕೇಳುತ್ತಾರೆ, ಹಳೆಯ ಮಾರ್ಕ್ಸ್ ಕಾರ್ಡ್ ಇದ್ದರೆ ಒಯ್ಯಿರಿ. ಔಷಧಿಯಿಂದ ತುಂಬಾ ಜನರಿಗೆ ಅನುಕೂಲವಾಗುತ್ತದೆ, ಆದರೆ ಹೊಂದದ ಕೆಲಸವನ್ನು ಅದು ಹೊಂದಿಸಿಕೊಡುವುದಿಲ್ಲ.

ಸಂದರ್ಶನದಲ್ಲಿ ಎಡಿಎಚ್‌ಡಿ ಅಂತ ಹೇಳಬೇಕಾ ಅನ್ನುವುದು ನಿಮ್ಮ ಇಷ್ಟ. ಹೆಸರು ಹೇಳದೆಯೂ ಬೇಕಾದ್ದನ್ನು ಕೇಳಬಹುದು: 'ದೊಡ್ಡ ಕೆಲಸವನ್ನು ತುಂಡು ಮಾಡಿ, ಪ್ರತಿ ಶುಕ್ರವಾರ ಒಂದು ಭಾಗ ತೋರಿಸುತ್ತೇನೆ. ನೀವು ಹತ್ತು ನಿಮಿಷ ಕೊಡಬೇಕು. ಆಗುತ್ತದಾ?' ಒಪ್ಪುವ ಮ್ಯಾನೇಜರ್ ಸಿಕ್ಕರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಅಲ್ಲಿಗೆ ಹೋಗಿ ಅಂತ ನಾನು ಹೇಳುತ್ತೇನೆ.