ಬಾವಿ ಒಂದೂವರೆ ಬ್ಯಾರೆಲ್ ಕಡಿಮೆ ಕುಡಿದ ರಾತ್ರಿ

2024ರ ಬೇಸಿಗೆಯಲ್ಲಿ ನಂದಿನಿ ಲೇಔಟ್‌ನ ನಮ್ಮ ಅಡ್ಡರಸ್ತೆಗೆ ಬೋರ್‌ವೆಲ್ ಲಾರಿ ಬಂತು. ರಾತ್ರಿಯಿಡೀ ಧಡಧಡ ಸದ್ದು, ಒಗೆದು ಹಾಕಿದ ಬಟ್ಟೆಯ ಮೇಲೆಲ್ಲ ಕಲ್ಲುಪುಡಿ. ಸಾವಿರದ ನೂರು ಅಡಿ ದಾಟಿದ ಮೇಲೆ ನೀರು ಚಿಮ್ಮಿತು. ಪಕ್ಕದ ಮನೆಯವರು ಕೈಮುಗಿದು ತೆಂಗಿನಕಾಯಿ ಒಡೆದರು. ನಾನು ಮಾತ್ರ ನನಗೇ ಗೊತ್ತಿಲ್ಲದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಹೆಂಡತಿ ನೋಡಿ ನಕ್ಕಳು. ಏನು ಮಾಡೋದು, ಇಪ್ಪತ್ತು ವರ್ಷ ಸಮುದ್ರದ ರಿಗ್ ಮೇಲೆ ಎಣ್ಣೆ, ಗ್ಯಾಸ್ ಬಾವಿ ಕೊರೆದವನಿಗೆ ಬಾವಿಯಿಂದ ಏನಾದರೂ ತಾನಾಗೇ ಮೇಲೆ ಬಂದರೆ ಖುಷಿಯಾಗುವುದಿಲ್ಲ, ಹೊಟ್ಟೆ ತೊಳಸುತ್ತದೆ.

ಇಪ್ಪತ್ತೆಂಟು ದಿನ ಅರಬ್ಬೀ ಸಮುದ್ರ, ಇಪ್ಪತ್ತೆಂಟು ದಿನ ಬೆಂಗಳೂರು, ಇದು ನನ್ನ ಪಂಚಾಂಗ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈ, ಜುಹುವಿನಿಂದ ಹೆಲಿಕಾಪ್ಟರ್, ಇಳಿದರೆ ಮೂರು ಕಾಲಿನ ಮೇಲೆ ನಿಂತ ಜಾಕ್‌ಅಪ್ ರಿಗ್. ಮದುವೆ ಮನೆಯಲ್ಲಿ ಯಾರು ಸಿಕ್ಕರೂ ಕೇಳುವುದು ಒಂದೇ: "ಅಲ್ಲಿ ಬೆಂಕಿ ಬಿದ್ರೆ ಏನ್ಮಾಡ್ತೀರಾ?" ಓಡ್ತೀವಿ ಅಂತೀನಿ. ತಮಾಷೆ ಅಂದುಕೊಳ್ಳುತ್ತಾರೆ, ನಿಜವೇ ಅದು. ಗ್ಯಾಸ್ ಬಾವಿ ಹೊತ್ತಿಕೊಂಡ ಮೇಲೆ ರಿಗ್‌ನವರಿಗೆ ಉಳಿಯುವುದು ಲೈಫ್‌ಬೋಟ್ ಹತ್ತುವ ಕೆಲಸ. ಆಂಧ್ರದ ಪಾಸರ್ಲಪೂಡಿಯಲ್ಲಿ 1995ರ ಜನವರಿಯಲ್ಲಿ ಹೊತ್ತಿದ ಬಾವಿ ನೆಲದ ಮೇಲಿತ್ತು. ಲಾರಿ, ಕ್ರೇನು ಹತ್ತಿರ ತರಬಹುದಿತ್ತು. ಆದರೂ 65 ದಿನ ಉರಿಯಿತು. ನಮಗೆ ಸಂಬಳ ಕೊಡುವುದು ಬೆಂಕಿಗಿಂತ ಮುಂಚಿನ ಹತ್ತು ನಿಮಿಷಕ್ಕೆ.

ಬೋರ್‌ವೆಲ್ ಲಾರಿ ಗಾಳಿ ಊದಿ ಕೊರೆಯುತ್ತದೆ. ನಾವು ಕೊರೆಯುವುದು ಬಾವಿ ತುಂಬ ಮಡ್ ಇಟ್ಟುಕೊಂಡು. ಹೆಸರಿಗೆ ಕೆಸರು, ಅಸಲಿಗೆ ಬೆರೈಟ್ ಪುಡಿ ಬೆರೆಸಿ ತೂಕ ಕಟ್ಟಿದ ದ್ರವ. ಆ ತೂಕವೇ ಬಾವಿಯ ಮೊದಲ ಮುಚ್ಚಳ. ಗ್ಯಾಲನ್‌ಗೆ 10 ಪೌಂಡ್ ತೂಗುವ ಮಡ್ 10,000 ಅಡಿ ಆಳದಲ್ಲಿ ಚದರ ಇಂಚಿಗೆ 5,200 ಪೌಂಡ್ ಒತ್ತುತ್ತದೆ. ಬಂಡೆಯೊಳಗಿನ ಗ್ಯಾಸಿನ ಒತ್ತಡ ಅದಕ್ಕಿಂತ ಕಡಿಮೆ ಇರುವ ತನಕ ಎಲ್ಲ ತೆಪ್ಪಗಿರುತ್ತದೆ. ಲೆಕ್ಕ ತಿರುಗಿದರೆ ಗ್ಯಾಸ್ ಒಳಗೆ ನುಗ್ಗುತ್ತದೆ, ಅದು ಕಿಕ್. ಕಿಕ್ ಕೈಮೀರಿದರೆ ಬ್ಲೋಔಟ್.

ಕಿಕ್ಕಿನ ಮೋಸ ಗೊತ್ತಾಗಬೇಕಾದರೆ ಗೃಹಪ್ರವೇಶದ ಹಾಲನ್ನು ನೆನಪಿಸಿಕೊಳ್ಳಿ. ಎಲ್ಲರೂ ಒಲೆ ಸುತ್ತ ನಿಂತಿರುತ್ತೀರಿ, ಹಾಲು ಕದಲುವುದೇ ಇಲ್ಲ. ಯಾರೋ ಮಾತಾಡಿಸಿದರೆಂದು ಆಚೆ ತಿರುಗುತ್ತೀರಿ, ಅಷ್ಟರಲ್ಲಿ ಉಕ್ಕಿ ಒಲೆ ಮೇಲಿರುತ್ತದೆ. 10,000 ಅಡಿ ತಳದಲ್ಲಿ ಒಳಬಂದ ಒಂದು ಬ್ಯಾರೆಲ್ ಗ್ಯಾಸ್ ಹಿಗ್ಗಲು ಬಿಟ್ಟರೆ ಅರ್ಧ ದಾರಿ ಬಂದಾಗ ಬರೀ ಎರಡು ಬ್ಯಾರೆಲ್. ಇನ್ನು ಸಾವಿರ ಅಡಿ ಉಳಿದಾಗ ಹತ್ತು. ಬಾವಿಯ ಬಾಯಿಗೆ ಬಂದು ಗಾಳಿ ಕಂಡಾಗ ಮುನ್ನೂರೈವತ್ತು! ಸ್ಥೂಲ ಲೆಕ್ಕ, ಶಾಖದ ವ್ಯತ್ಯಾಸ ಬಿಟ್ಟಿದ್ದೇನೆ. ಆಮೇಲೆ ಗಾಳಿಯಲ್ಲಿ ಮೀಥೇನ್ ನೂರಕ್ಕೆ ಐದರಿಂದ ಹದಿನೈದರಷ್ಟು ಸೇರಿದರೆ ಒಂದು ಕಿಡಿ ಸಾಕು. ರಿಗ್ ಅಂದರೆ ಡೀಸೆಲ್ ಎಂಜಿನ್ನುಗಳ ಗೂಡು, ಕಿಡಿಗೆ ಬರವಿಲ್ಲ.

ಅಂಥದ್ದೊಂದು ಕಿಕ್ ನನಗೂ ಎದುರಾಗಿತ್ತು. ನಾನು ಆಗ ಅಸಿಸ್ಟೆಂಟ್ ಡ್ರಿಲ್ಲರ್. ರಾತ್ರಿ ಪಾಳಿ, ಬಿಟ್, ಅಂದರೆ ಬಂಡೆ ಕೊರೆಯುವ ತುದಿ, ಬದಲಿಸಲು ಪೈಪ್ ಹೊರಗೆಳೆಯುತ್ತಿದ್ದೆವು. ಪೈಪ್ ಹೊರಬಂದಷ್ಟೂ ಒಳಗೆ ಜಾಗ ಖಾಲಿಯಾಗುತ್ತದೆ, ಆ ಜಾಗಕ್ಕೆ ಟ್ರಿಪ್ ಟ್ಯಾಂಕ್ ಎಂಬ ಅಳತೆಯ ತೊಟ್ಟಿಯಿಂದ ಮಡ್ ತುಂಬಬೇಕು. ಐದು ಸ್ಟ್ಯಾಂಡ್, ಅಂದರೆ ಸುಮಾರು 465 ಅಡಿ ಐದಿಂಚಿನ ಪೈಪ್ ತೆಗೆದರೆ ಬಾವಿ ಮೂರೂವರೆ ಬ್ಯಾರೆಲ್ ಕುಡಿಯಬೇಕು. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರೂವರೆ, ಮೂರೂವರೆ, ಆಮೇಲೆ ಎರಡು.

ಡ್ರಿಲ್ಲರ್ ಹಿರಿಯರು, ಒಳ್ಳೆಯ ಮನುಷ್ಯ. "ಗೇಜು ಅಂಟ್ಕೊಂಡಿರುತ್ತೆ, ಇನ್ನೈದು ಎಳೆದು ನೋಡೋಣ" ಅಂದರು. ನನಗೆ ಎದುರಾಡುವ ಅಭ್ಯಾಸವಿಲ್ಲ. ಆದರೆ ಕುಡಿಯದ ಒಂದೂವರೆ ಬ್ಯಾರೆಲ್ ಜಾಗದಲ್ಲಿ ಬೇರೇನೋ ಬಂದು ಕೂತಿರಬೇಕಲ್ಲ? ಫ್ಲೋ ಚೆಕ್ ಮಾಡೋಣ ಅಂದೆ. ಗೊಣಗಿದರು, ನಿಲ್ಲಿಸಿದರು. ಪಂಪು ನಿಂತಿತು. ಟಾರ್ಚ್ ಬಿಟ್ಟು ಬಾವಿಯ ಬಾಯಿ ನೋಡಿದೆ. ಐದು ನಿಮಿಷ ಏನೂ ಇಲ್ಲ. ಒಂಬತ್ತನೇ ನಿಮಿಷಕ್ಕೆ ವಾಷರ್ ಸವೆದ ನಲ್ಲಿಯಷ್ಟು ಸಣ್ಣಗೆ ಮಡ್ ಹರಿಯತೊಡಗಿತು.

ಆಮೇಲೆ ಮಾತಿಲ್ಲ. ಪೈಪಿನ ತಲೆಗೆ ಸೇಫ್ಟಿ ವಾಲ್ವ್ ಕೂರಿಸಿ ಮುಚ್ಚಿದರು, ನಾನು ಬಾವಿಯ ಬಾಯಿಗೆ ಕೂರಿಸಿದ ಬ್ಲೋಔಟ್ ತಡೆಯುವ ಯಂತ್ರ ಬಿಒಪಿಯ ಆನ್ಯುಲರ್ ಮುಚ್ಚಿದೆ. ಅದು ಪೈಪಿನ ಸುತ್ತ ಮುಷ್ಟಿಯಂತೆ ಬಿಗಿಯುವ ರಬ್ಬರ್ ಉಂಗುರ. ಪೈಪಿಗೂ ಬಾವಿಯ ಗೋಡೆಗೂ ನಡುವಿನ ಒತ್ತಡ ತೋರಿಸುವ ಕೇಸಿಂಗ್ ಗೇಜು ಸೊನ್ನೆ ಬಿಟ್ಟು ಏಳಲು ಶುರುವಾಯಿತು. ಕೊರೆಯುವ ಕೆಲಸದ ಮೇಲ್ವಿಚಾರಕ ಟೂಲ್‌ಪುಷರ್‌ನನ್ನು ಎಬ್ಬಿಸಿದ್ದು ಮುಚ್ಚಿದ ಮೇಲೆ, ಮುಚ್ಚುವ ಮೊದಲಲ್ಲ. ಅಪ್ಪಣೆ ಕೇಳಿ ಬಾವಿ ಮುಚ್ಚುವವನು ಡ್ರಿಲ್ಲರ್ ಅಲ್ಲ, ಗುಮಾಸ್ತ.

ಕಷ್ಟದ ಭಾಗ ಮುಂದಿತ್ತು. ಬಿಟ್ ಮೇಲಿದೆ, ಗ್ಯಾಸ್ ಅದರ ಕೆಳಗಿದೆ. ಮುಚ್ಚಿದ ಆನ್ಯುಲರ್ ಮೂಲಕವೇ ಪೈಪನ್ನು ಇಂಚಿಂಚಾಗಿ ಮತ್ತೆ ಕೆಳಗಿಳಿಸಬೇಕು, ಪೈಪು ಒಳಗೆ ಹೋದಷ್ಟು ಮಡ್ಡನ್ನು ಚೋಕ್, ಅಂದರೆ ಹರಿವನ್ನು ಹಿಡಿದು ಬಿಡುವ ವಾಲ್ವ್‌ನಿಂದ ಅಳೆದು ಹೊರಬಿಡಬೇಕು. ಹೆಚ್ಚು ಬಿಟ್ಟರೆ ಇನ್ನಷ್ಟು ಗ್ಯಾಸ್ ಬರುತ್ತದೆ, ಕಡಿಮೆ ಬಿಟ್ಟರೆ ಒತ್ತಡಕ್ಕೆ ಬಂಡೆ ಸೀಳುತ್ತದೆ. ಬೆಳಗಾಯಿತು. ಅಡುಗೆಮನೆಯ ಒಲೆ ಆರಿಸಿದ್ದರಿಂದ ಎಲ್ಲರಿಗೂ ಬ್ರೆಡ್ಡು, ಬಾಳೆಹಣ್ಣು. ತಳ ಮುಟ್ಟಿದ ಮೇಲೆ ನಿಧಾನಕ್ಕೆ ಪಂಪ್ ಮಾಡಿ ಗ್ಯಾಸನ್ನು ಮೇಲೆ ತಂದೆವು. ಗ್ಯಾಸ್ ಹತ್ತಿರ ಬಂದಂತೆ ಕೇಸಿಂಗ್ ಗೇಜು ಏರುತ್ತದೆ, ಕೈ ತಾನಾಗೇ ಚೋಕ್ ಬಿಚ್ಚಲು ಹೋಗುತ್ತದೆ. ಟೂಲ್‌ಪುಷರ್ ನನ್ನ ಕೈಗೆ ಮೆಲ್ಲಗೆ ತಟ್ಟಿದ: "ಅದನ್ನ ನೋಡಿ ಹೆದರಬೇಡ, ಡ್ರಿಲ್ ಪೈಪ್ ಗೇಜು ನೋಡು, ಅದು ಕದಲಬಾರದು." ಸಂಜೆ ರಿಗ್‌ನ ಗೋಪುರ ಡೆರಿಕ್ ಉದ್ದಕ್ಕೂ ಏರುವ ವೆಂಟ್ ಪೈಪಿನಿಂದ ಗ್ಯಾಸ್ ಸೀಟಿ ಹೊಡೆಯುತ್ತ ಹೋಯಿತು. ಅಷ್ಟೇ.

ಮಡ್ಡಿನ ತೂಕ ಸರಿಯಾಗೇ ಇತ್ತು. ಪೈಪನ್ನು ಆತುರವಾಗಿ ಎಳೆದಿದ್ದೆವು. ಬಿಟ್ ಪಿಚಕಾರಿಯ ಒಳಗಿನ ದಂಡದ ಹಾಗೆ ಕೆಲಸ ಮಾಡಿ ಗ್ಯಾಸನ್ನು ಬಂಡೆಯಿಂದ ಹೀರಿತ್ತು.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಹೊತ್ತಿ 11 ಜನ ಸತ್ತರು. ಅದರ ತನಿಖೆಯ ವಿವರ ಓದುವಾಗ ನನಗೆ ನಮ್ಮ ಡ್ರಿಲ್ಲರ್ ದನಿಯೇ ಕೇಳಿದ ಹಾಗಾಯಿತು. ಬಾವಿ ಭದ್ರವಾಗಿದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಡ್ರಿಲ್ ಪೈಪ್ ಮೇಲೆ ಸೊನ್ನೆ ಇರಬೇಕಾದಲ್ಲಿ 1,400 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ತೋರಿಸುತ್ತಿತ್ತು. ಅದಕ್ಕೊಂದು ಸಮಜಾಯಿಷಿ ಹುಟ್ಟಿತು, ಎಲ್ಲರೂ ಒಪ್ಪಿದರು. ಗ್ಯಾಸ್ ಮೇಲೆ ಬಂದಾಗ ಅದನ್ನು ಸಮುದ್ರದ ಕಡೆಗೆ ತಿರುಗಿಸದೆ, ಮಡ್ಡಿನಿಂದ ಗ್ಯಾಸ್ ಬೇರ್ಪಡಿಸುವ, ಆದರೆ ಅಷ್ಟು ಹರಿವು ತಾಳಲಾರದ ಸೆಪರೇಟರ್‌ಗೆ ಬಿಟ್ಟರು. ಗ್ಯಾಸ್ ಡೆಕ್ಕಿನ ತುಂಬ ಹರಡಿತು.

ಎಲ್ಲ ಬೆಂಕಿಯೂ ಬಾವಿಯಿಂದಲೇ ಬರುವುದಿಲ್ಲ. 2005ರ ಜುಲೈ 27ರಂದು ನಾನು ರಜೆಯಲ್ಲಿ ಬೆಂಗಳೂರಲ್ಲೇ ಇದ್ದೆ. ಹಿಂದಿನ ದಿನವಷ್ಟೇ ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತು. ಟಿವಿಯಲ್ಲಿ ಮಳೆ ಸುದ್ದಿ ನಡುವೆ ಸಮುದ್ರದ ಎಣ್ಣೆ ಪ್ಲಾಟ್‌ಫಾರ್ಮ್ ಬಾಂಬೆ ಹೈ ನಾರ್ತ್ ಉರಿಯುತ್ತಿರುವುದನ್ನು ತೋರಿಸಿದರು. ಗಾಯಾಳುವೊಬ್ಬರನ್ನು ದಾಟಿಸಲು ಬಂದ ಹಡಗು ಅಲೆಗೆ ಸಿಕ್ಕಿ ಸಮುದ್ರತಳಕ್ಕೂ ಪ್ಲಾಟ್‌ಫಾರ್ಮಿಗೂ ನಡುವೆ ಗ್ಯಾಸ್ ಸಾಗಿಸುವ ರೈಸರ್ ಪೈಪಿಗೆ ಬಡಿದಿತ್ತು. ಎರಡು ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ಕರಗಿ ಸಮುದ್ರಕ್ಕೆ ಬಿತ್ತು. 384 ಜನರಲ್ಲಿ 22 ಮಂದಿ ಹೋದರು. ಅಮ್ಮ ಟಿವಿ ಆರಿಸಿ, ವಾಪಸ್ ಹೋಗಬೇಡ ಅಂದಳು. ಪೀಣ್ಯದಲ್ಲಿ ಲೇಥ್ ಕೆಲಸ ಸಿಗುತ್ತಿತ್ತು, ನಿಜ. ಆಗಸ್ಟ್‌ನಲ್ಲಿ ಮತ್ತೆ ಉದ್ಯಾನ್ ಹತ್ತಿದೆ.

ಈಗ ಡ್ರಿಲ್ಲರ್ ಕುರ್ಚಿ ನನ್ನದು. ಪರದೆ ಮೇಲೆ ಎಲ್ಲ ಅಂಕಿಯೂ ತಾನಾಗೇ ಬರುತ್ತದೆ, ಆದರೂ ಟ್ರಿಪ್ ಶೀಟ್ ಪೆನ್ಸಿಲ್ಲಿನಲ್ಲೇ ಬರೆಸುತ್ತೇನೆ. ಕೈಯಲ್ಲಿ ಬರೆದ ತಪ್ಪು ಸಂಖ್ಯೆ ಕಣ್ಣಿಗೆ ಚುಚ್ಚುತ್ತದೆ. ಕಳೆದ ಪಾಳಿಯಲ್ಲಿ ದಾವಣಗೆರೆ ಕಡೆಯ ಹೊಸ ಹುಡುಗ ಅರ್ಧ ಬ್ಯಾರೆಲ್ ವ್ಯತ್ಯಾಸಕ್ಕೇ ಕೆಲಸ ನಿಲ್ಲಿಸಿಬಿಟ್ಟ. ಹದಿನೈದು ನಿಮಿಷ ಬಾವಿ ನೋಡಿದೆವು, ಹನಿಯೂ ಹರಿಯಲಿಲ್ಲ. ಹುಡುಕಿದರೆ ಪಕ್ಕದ ಮಡ್ ತೊಟ್ಟಿಯ ವಾಲ್ವೊಂದು ಟ್ರಿಪ್ ಟ್ಯಾಂಕಿಗೆ ಸಣ್ಣಗೆ ಸೋರುತ್ತಿತ್ತು. ಬಾವಿಯ ಮಾಲೀಕ ಕಂಪನಿಯ ಪ್ರತಿನಿಧಿಯಾದ ಕಂಪನಿ ಮ್ಯಾನ್ ಗಡಿಯಾರ ನೋಡಿ ಮುಖ ಸಿಂಡರಿಸಿದ. ಹುಡುಗ ಬೆವರುತ್ತಿದ್ದ. ವಾಲ್ವ್ ಬದಲಿಸಿದೆವು, ಅವನಿಗೊಂದು ಚಹಾ ತರಿಸಿ, ಶೀಟ್ ಮುಂದುವರಿಸು ಅಂದೆ.