ಬೋರ್‌ವೆಲ್ ನೀರು ಕೊಡುವುದನ್ನು ಬಿಟ್ಟ ಮೇಲೆ ಉಳಿದುಕೊಂಡ ಏರ್ ಪ್ಲ್ಯಾಂಟ್‌ಗಳು

ಮಣ್ಣಿಲ್ಲದೆ, ಎಲೆಗಳಿಂದಲೇ ನೀರು ಹೀರಿ ಬದುಕುವ ಏರ್ ಪ್ಲ್ಯಾಂಟ್, ಅಂದರೆ ಟಿಲ್ಯಾಂಡ್ಸಿಯಾ, ಬೆಂಗಳೂರಿನ ಫ್ಲ್ಯಾಟಿನೊಳಗೆ ಆರು ತಿಂಗಳು ದಾಟುವುದಿಲ್ಲವೆಂದು ಗಿಡ ಬೆಳೆಸುವ ಗೆಳೆಯರೆಲ್ಲ ಹೇಳುತ್ತಿದ್ದರು. ಕಳೆದ ಮಾರ್ಚ್‌ನಲ್ಲಿ ಅಯೊನಾಂಥಾ ಎಂಬ ಬಗೆಯ ನನ್ನ ಗಿಡ ಎಲೆ ಕೆಂಪೇರಿಸಿಕೊಂಡು ನೇರಳೆ ಹೂ ಬಿಟ್ಟಿತು. ಹೇಗೆ ಉಳಿಸಿಕೊಂಡೆ ಎಂದು ಈಗ ಅವರೇ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷಗಳಲ್ಲಿ ಹದಿನೆಂಟು ಗಿಡಗಳನ್ನು ಕಳೆದುಕೊಂಡೆ. ಒಂದೊಂದಕ್ಕೆ 250ರಿಂದ 400 ರೂಪಾಯಿ; 1,800 ಕೊಟ್ಟು ತಂದ ಜೆರೊಗ್ರಾಫಿಕಾ ಎಂಬ ಬಗೆಯೂ ಸೇರಿದರೆ ನಷ್ಟ ಏಳು ಸಾವಿರದ ಆಸುಪಾಸು. ಮಾರಿದವರು ಹೇಳಿದಂತೆ ದಿನವೂ ಬೋರ್‌ವೆಲ್ ನೀರನ್ನೇ ಸಿಂಪಡಿಸುತ್ತಿದ್ದೆ. ಎಲೆಗಳ ಮೇಲೆ ಮೂಡಿದ ಬಿಳುಪನ್ನು ಗಿಡದ ಸಹಜ ಬಣ್ಣವೆಂದು ತಿಳಿದದ್ದು ನನ್ನ ದೊಡ್ಡ ತಪ್ಪು. ಅದು ಸುಣ್ಣದ ಪೊರೆ. ಎಲೆಯ ಮೇಲೆ ನೀರು ಹೀರುವ ಸೂಕ್ಷ್ಮ ಹುರುಪೆಗಳನ್ನೇ ಅದು ಮುಚ್ಚಿದ್ದರಿಂದ, ದಿನವೂ ನೀರು ಕಂಡ ಗಿಡಗಳು ಬಾಯಾರಿ ಸತ್ತವು. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್‌ನ ನೀರು ಇನ್ನೂ ಬೇಗ ಕೊಂದಿತು. ಆಮೇಲೆ ಭಯದಿಂದ ರಾತ್ರಿಯಿಡೀ ನೆನೆಸಿಟ್ಟೆ. ಈ ಗಿಡಗಳು ಉಸಿರಾಡಲು ರಂಧ್ರ ತೆರೆಯುವುದೇ ರಾತ್ರಿಯಲ್ಲಿ ಎಂಬುದು ಅರಿವಾಗುವಷ್ಟರಲ್ಲಿ, ಜೆರೊಗ್ರಾಫಿಕಾದ ನಡುಸುಳಿ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕೈಗೇ ಕಿತ್ತು ಬರುತ್ತಿತ್ತು. ಆ ದಿನ ನಿಜಕ್ಕೂ ದುಃಖವಾಯಿತು.

ಈಗ ತಾರಸಿಯ ಮಳೆನೀರನ್ನು, ಮೊದಲ ಮಳೆಯದನ್ನು ಹರಿಯಬಿಟ್ಟು, 20 ಲೀಟರಿನ ಹನ್ನೆರಡು ಕ್ಯಾನ್‌ಗಳಲ್ಲಿ ತುಂಬಿಡುತ್ತೇನೆ. ಮುಗಿದರೆ ಆರ್‌ಓ ನೀರು. ಭಾನುವಾರ ಬೆಳಿಗ್ಗೆ ಏಳಕ್ಕೆ ಅರ್ಧ ಗಂಟೆ ಮುಳುಗಿಸುತ್ತೇನೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೆರಡು ಸಲ, ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ. ಬುಡ ಟೊಳ್ಳಾಗಿರುವ ಬಲ್ಬೋಸಾವನ್ನು ಮುಳುಗಿಸದೆ ಅದ್ದಿ ತೆಗೆಯುತ್ತೇನೆ. ನೀರುಣಿಸುವುದಕ್ಕಿಂತ ಒಣಗಿಸುವುದೇ ಮುಖ್ಯ: ತಲೆಕೆಳಗು ಮಾಡಿ ಕೊಡವಿ, ತಂತಿ ಜಾಲರಿಯ ಮೇಲೆ ಫ್ಯಾನಿನ ಕೆಳಗೆ ಮೂರು ಗಂಟೆ ಇಟ್ಟ ನಂತರವೇ ಪೂರ್ವದ ಕಿಟಕಿಗೆ ಮರಳಿಸುತ್ತೇನೆ. ಯೂರಿಯಾ ಇಲ್ಲದ ಆರ್ಕಿಡ್ ಗೊಬ್ಬರವನ್ನು ಕಾಲು ಪ್ರಮಾಣದಲ್ಲಿ ತಿಂಗಳಿಗೊಮ್ಮೆ ಕೊಡುತ್ತೇನೆ; ಹೂವಿಗೆ ಮುಂಚೆ ಅದರಲ್ಲಿ ಮಾಡುವ ಒಂದು ಬದಲಾವಣೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಾಫಿ ಗಿಡದ ಒಣ ಕಾಂಡಕ್ಕೆ ಮೂರು ಗಿಡಗಳನ್ನು ತಾಮ್ರದ ತಂತಿಯಿಂದ ಕಟ್ಟಿ ನೋಡಿದ್ದೆ. ತಾಮ್ರ ಇವಕ್ಕೆ ವಿಷ, ಬುಡ ಕಪ್ಪಾಯಿತು. ಈಗ ಮೀನು ಹಿಡಿಯುವ ನೈಲಾನ್ ದಾರ ಬಳಸುತ್ತೇನೆ. ಎಳೆಎಳೆಯಾಗಿ ಇಳಿಬೀಳುವ ಇನ್ನೊಂದು ಟಿಲ್ಯಾಂಡ್ಸಿಯಾ ಸ್ಪ್ಯಾನಿಷ್ ಮಾಸ್ ಬಚ್ಚಲುಮನೆಯ ತೇವಕ್ಕೆ ಒಗ್ಗುತ್ತದೆಂದು ಎಣಿಸಿದ್ದೆ, ಬೆಳಕು ಸಾಲದೆ ಸೊರಗಿತು. ಯುಟಿಲಿಟಿಯ ಗ್ರಿಲ್‌ಗೆ ತೂಗುಹಾಕಿದ ಮೇಲೆ ಒಂದು ಗೇಣಿನಿಂದ ಎರಡು ಮೊಳಕ್ಕೆ ಇಳಿದಿದೆ. ಮಲೆನಾಡಿನವರಾದ ನಮ್ಮ ಅತ್ತೆಯವರು ಇವನ್ನು ಬಂದಳಿಕೆಯೆಂದು ಭಾವಿಸಿ ಮನೆಯೊಳಗೆ ಬೇಡವೆಂದಿದ್ದರು. ಹಲಸಿನ ಮರದ ಸೀತಾಳೆ ಆರ್ಕಿಡ್‌ನಂತೆ ಇವಕ್ಕೂ ಆಸರೆ ಮಾತ್ರ ಸಾಕು, ರಸ ಹೀರುವುದಿಲ್ಲ ಎಂದು ವಿವರಿಸಿದ ಮೇಲೆ, ನಾನು ಊರಿಗೆ ಹೋದಾಗ ಅವರೇ ನೆನೆಸಿಡುತ್ತಾರೆ.

ಹೂ ಬಿಟ್ಟ ಅಯೊನಾಂಥಾ ಇನ್ನು ಹೂ ಬಿಡುವುದಿಲ್ಲ, ನಿಧಾನವಾಗಿ ಸಾಯುತ್ತದೆ; ಆದರೆ ಬುಡದಲ್ಲಿ ನಾಲ್ಕು ಮರಿಗಿಡಗಳು ಒಡೆದಿವೆ. ತಾಯಿಯ ಅರ್ಧದಷ್ಟು ಬೆಳೆದ ಎರಡನ್ನು ಬಿಡಿಸಿದ್ದೇನೆ, ಉಳಿದೆರಡು ಅದರ ಜೊತೆಗೇ ಇವೆ. ಒಟ್ಟು ಮೂವತ್ತೊಂದು ಗಿಡಗಳಿವೆ. ಕಳೆದ ಹದಿನಾಲ್ಕು ತಿಂಗಳಲ್ಲಿ ಸತ್ತದ್ದು ಎರಡೇ, ಅವೂ ಜುಲೈನ ಜಡಿಮಳೆಯಲ್ಲಿ ಕಿಟಕಿ ಮುಚ್ಚಿದ್ದಾಗ.