ಪುಟ್ಟ ಕೈಗೆ ಪುಟ್ಟ ಪಿಸ್ತೂಲೇ ಬೇಕಾ? ಟೆಕ್ಸಸ್‌ನಲ್ಲಿ ನಾನು ಆರಿಸಿಕೊಂಡ ಬಗೆ

ಎಚ್-1ಬಿ ವೀಸಾದಲ್ಲಿರುವವರು ಇದನ್ನು ಓದಿ ನೇರ ಅಂಗಡಿಗೆ ಹೊರಡಬೇಡಿ. ತಾತ್ಕಾಲಿಕ ವೀಸಾದವರು ಬಂದೂಕು ಕೊಳ್ಳುವುದು ಹಾಗಿರಲಿ, ಇಟ್ಟುಕೊಳ್ಳುವುದೂ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಅದನ್ನು ನಂಬಿ ಹೋಗುವ ಮುಂಚೆ ಒಬ್ಬ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು, ನಾನು ಕೊಂಡದ್ದೂ ಅದು ಬಂದ ಮೇಲೆಯೇ. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಿಸುತ್ತಾರೆ, ಎಫ್‌ಬಿಐ ವ್ಯವಸ್ಥೆಯಲ್ಲಿ ನಿಮ್ಮ ಪೂರ್ವಾಪರ ನೋಡುತ್ತಾರೆ. ಆ ಫಾರಂನಲ್ಲಿ ಸುಳ್ಳು ಬರೆಯುವುದು, ಬೇರೆಯವರಿಗೋಸ್ಕರ ನಿಮ್ಮ ಹೆಸರಲ್ಲಿ ಕೊಳ್ಳುವುದು, ಎರಡೂ ಜೈಲಿಗೆ ದಾರಿ. ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಹಾಕಬಹುದು.

ನಾನು ತೀರ್ಥಹಳ್ಳಿ ಕಡೆಯವಳು. ತೋಟಕ್ಕೆ ಬರುವ ಮಂಗ, ಹಂದಿ ಓಡಿಸಲು ಅಪ್ಪನ ಹತ್ತಿರ ಲೈಸನ್ಸಿನ ಜೋಡುನಳಿಗೆ ಕೋವಿ ಇತ್ತು. ಎಲೆಕ್ಷನ್ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಹಾಗಾಗಿ ಬಂದೂಕು ಅಂದರೆ ನನಗೆ ಗಾಬರಿ ಏನಿರಲಿಲ್ಲ. ಆದರೆ ಸೊಂಟದ ಪಿಸ್ತೂಲು ಬೇರೆಯೇ ಜಾತಿ. ಕೋವಿಗೆ ಉದ್ದದ ನಳಿಗೆ ಇದೆ, ಭುಜದ ಆಸರೆ ಇದೆ. ಪಿಸ್ತೂಲಿಗೆ ನಿಮ್ಮ ಎರಡು ಕೈ ಬಿಟ್ಟರೆ ಇನ್ನೇನೂ ಇಲ್ಲ. ಮಣಿಕಟ್ಟು ಸ್ವಲ್ಪ ತಿರುಗಿದರೆ ಸಾಕು, ಗುರಿ ಪಕ್ಕದವರ ಕಡೆ ಹೋಗಿರುತ್ತದೆ.

ಈಗ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದೇವೆ. ಲ್ಯಾಬ್‌ನಲ್ಲಿ ನನ್ನದು ಎರಡನೇ ಪಾಳಿ. ಕಾರು ಹತ್ತುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಮನೆಯಲ್ಲಿ ನಮ್ಮನೆಯವರು, ಪ್ರೈಮರಿ ಶಾಲೆಗೆ ಹೋಗುವ ಮಗಳು. ಯಾಕೆ ಬೇಕಾಯಿತು ಅನ್ನುವುದನ್ನು ಇಷ್ಟಕ್ಕೇ ಬಿಡುತ್ತೇನೆ. ಆ ವಾದ ಮನೆಯಲ್ಲೇ ಸಾಕಷ್ಟು ಆಗಿದೆ.

ಅಂಗಡಿಯ ಕೌಂಟರ್‌ನಲ್ಲಿ ಹೆಂಗಸರಿಗೆ ತೋರಿಸುವ ಒಂದು ಟ್ರೇ ಇರುತ್ತದೆ. ಗಿಡ್ಡ ನಳಿಗೆಯ ರಿವಾಲ್ವರ್, ಜೇಬಿನಲ್ಲಿ ಹಿಡಿಯುವ, .380 ಅಳತೆಯ ಗುಂಡಿನ ಪಿಸ್ತೂಲು, ಕೆಲವಕ್ಕೆ ಗುಲಾಬಿ ಬಣ್ಣ. "ಹಗುರ ಇದೆ, ನಿಮ್ಮ ಪರ್ಸಿಗೆ ಸರಿಯಾಗುತ್ತೆ" ಅನ್ನುತ್ತಾರೆ. ಹಗುರ ಹೌದು. ತೊಂದರೆ ಇರುವುದೇ ಅಲ್ಲಿ. ಗುಂಡು ಅದೇ, ಮದ್ದು ಅದೇ, ಪಿಸ್ತೂಲು ಮಾತ್ರ ಹಗುರವಾದರೆ ಒದೆತವೆಲ್ಲ ಕೈಗೇ ಬರುತ್ತದೆ. ಸ್ಮಿತ್ ಆಂಡ್ ವೆಸನ್ ಕಂಪನಿಯ 642 ರಿವಾಲ್ವರ್ ಸುಮಾರು 400 ಗ್ರಾಂ ತೂಗುತ್ತದೆ. .38 ಸ್ಪೆಷಲ್ ಅನ್ನುವ ಅಳತೆಯ ಗುಂಡು, ಒಮ್ಮೆಗೆ ತುಂಬುವುದು ಐದೇ. ಟ್ರಿಗರ್ ಎಳೆಯಲು ಹತ್ತಿರ ಹತ್ತಿರ ಐದು ಕೆಜಿ ಬಲ ಬೇಕು. ಗಟ್ಟಿಮುಟ್ಟಾದ ಸಾಮಾನು, ಅನುಭವಸ್ಥರು ಇಂದಿಗೂ ಇಟ್ಟುಕೊಳ್ಳುತ್ತಾರೆ. ಹೊಸಬರಿಗೆ, ಅದರಲ್ಲೂ ಸಣ್ಣ ಕೈಯವರಿಗೆ, ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಬೆರಳು ಅಷ್ಟು ಜೋರಾಗಿ ಎಳೆಯುವಾಗ ನಳಿಗೆ ಅಲುಗಾಡದೆ ಇರುತ್ತದಾ?

ಅದಕ್ಕೇ ಮೊದಲು ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜ್, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ ಹುಡುಕಿದೆ. ಈ ಊರಲ್ಲಿ ಅಂಥವು ಬೇಕಾದಷ್ಟಿವೆ. ಜೊತೆಗೆ ಹೆಂಗಸರಿಗೆ ಕಲಿಸುವ ಒಬ್ಬ ಹಿರಿಯ ಟೀಚರ್ ಸಿಕ್ಕರು. ಯಾವ ಪಿಸ್ತೂಲನ್ನೂ ಅವರು ಹೊಗಳಲಿಲ್ಲ. ಕೈಯಲ್ಲಿ ಹಿಡಿಸಿ ಮೂರು ವಿಷಯ ನೋಡಿದರು. ಹಿಡಿತ ಬದಲಿಸದೆ ತೋರುಬೆರಳು ಟ್ರಿಗರ್‌ವರೆಗೆ ಸಲೀಸಾಗಿ ಹೋಗುತ್ತದಾ. ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಝಿನ್ ಬಿಡಿಸುವ ಗುಂಡಿ ಹೆಬ್ಬೆರಳಿಗೆ ಎಟುಕುತ್ತದಾ. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಹಿಂದಕ್ಕೆ ಪೂರ್ತಿ ಎಳೆಯಲು ಆಗುತ್ತದಾ.

ಮೂರನೆಯದರಲ್ಲೇ ಸುಮಾರು ಜನ ಸೋಲುತ್ತಾರೆ, "ನನಗೆ ಪಿಸ್ತೂಲು ಆಗಲ್ಲ, ಸ್ಲೈಡ್ ಇಲ್ಲದ ರಿವಾಲ್ವರ್ ಕೊಡಿ" ಅನ್ನುತ್ತಾರೆ. ಇದಕ್ಕೆ ತೋಳಿನ ಬಲ ಅಷ್ಟಾಗಿ ಬೇಕಿಲ್ಲ, ಕ್ರಮ ಗೊತ್ತಿದ್ದರೆ ಸಾಕು. ಕೈ ಚಾಚಿಕೊಂಡು ಎರಡು ಬೆರಳಲ್ಲಿ ಸ್ಲೈಡ್ ಚಿವುಟಿ ಎಳೆದರೆ ಬರುವುದಿಲ್ಲ. ಪಿಸ್ತೂಲನ್ನು ಎದೆಯ ಹತ್ತಿರ ತಂದುಕೊಳ್ಳಬೇಕು. ನಳಿಗೆಯ ಬಾಯಿ ಗುರಿಯ ಕಡೆಗೇ ಇರಬೇಕು, ಬೆರಳು ಟ್ರಿಗರ್‌ನಿಂದ ಹೊರಗಿರಬೇಕು. ಎಡಗೈಯ ನಾಲ್ಕೂ ಬೆರಳು, ಅಂಗೈ ಸೇರಿಸಿ ಸ್ಲೈಡನ್ನು ಮೇಲಿನಿಂದ ಗಟ್ಟಿ ಹಿಡಿದು, ಬಲಗೈಯಿಂದ ಹಿಡಿಕೆಯನ್ನು ಮುಂದಕ್ಕೆ ತಳ್ಳಬೇಕು. ಎಳೆಯುವುದಕ್ಕಿಂತ ತಳ್ಳುವುದೇ ಜಾಸ್ತಿ. ಮನೆಯಲ್ಲಿ ಖಾಲಿ ಪಿಸ್ತೂಲು ಕೊಟ್ಟು "ರೀ, ಇದನ್ನ ಎಳೀರಿ ನೋಡೋಣ" ಅಂದೆ. ಜಿಮ್ಮಿಗೆ ಹೋಗುವ ನಮ್ಮನೆಯವರು ಚಿವುಟಿಕೊಂಡು ಒದ್ದಾಡುತ್ತಿದ್ದರು.

ಕೈ, ಮಣಿಕಟ್ಟು ನಿಜಕ್ಕೂ ನೋವಿರುವವರಿಗೆ ಸ್ಮಿತ್ ಆಂಡ್ ವೆಸನ್‌ನವರ ಶೀಲ್ಡ್ ಈಝೀ ಅಂತ ಇದೆ. .380ರದ್ದು 2018ರಲ್ಲಿ ಬಂತು, 9 ಎಂಎಂನದ್ದು 2020ರಲ್ಲಿ. ಸ್ಪ್ರಿಂಗ್ ಮೆದು, ಗುಂಡು ತುಂಬುವುದೂ ಸುಲಭ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮಾತ್ರ ಸೀರಿಯಲ್ ನಂಬರ್ ಪರಿಶೀಲಿಸಿ. 2020ರ ಮಾರ್ಚ್‌ನಿಂದ ಅಕ್ಟೋಬರ್ ನಡುವೆ ತಯಾರಾದವುಗಳ ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಭಾಗ) ಪರೀಕ್ಷಿಸಲು ಕಂಪನಿಯೇ ವಾಪಸ್ ಕರೆದಿತ್ತು.

ಗ್ಲಾಕ್ 19 ಹೊಡೆದಾಗ ಮಾತ್ರ ನಿಜವಾಗಲೂ ಖುಷಿಯಾಯಿತು. 9 ಎಂಎಂ, ನಾಲ್ಕಿಂಚಿನ ನಳಿಗೆ, 15 ಗುಂಡಿನ ಮ್ಯಾಗಝಿನ್. ತೂಕ ಇರುವುದರಿಂದ ಒದೆತ ಕಮ್ಮಿ. ಹೆಂಗಸರ ಕೈಗೆ ದೊಡ್ಡದು ಅಂತ ಎಲ್ಲರೂ ಹೇಳಿದ್ದು ಇದನ್ನೇ, ನನ್ನ ಗುಂಡುಗಳು ಒತ್ತಾಗಿ ಬಿದ್ದದ್ದೂ ಇದರಲ್ಲೇ. ಮನೆಗೆ ಮಾತ್ರ ಅಂದಿದ್ದರೆ ಅವತ್ತೇ ತಂದುಬಿಡುತ್ತಿದ್ದೆ. ಆದರೆ ಅದು ದಪ್ಪ. ನನ್ನ ಸೊಂಟಕ್ಕೆ, ನಾನು ಹಾಕುವ ಕುರ್ತಿಗೆ ಅಡಗುವುದಿಲ್ಲ.

ಕೊನೆಗೆ ತಗೊಂಡದ್ದು ಸಿಗ್ ಸೌರ್ ಪಿ365 ಎಕ್ಸ್‌ಎಲ್. 2018ರಲ್ಲಿ ಬಂದ ಪಿ365ಕ್ಕೆ ಅಣ್ಣ. ನಳಿಗೆ 3.7 ಇಂಚು, ಮ್ಯಾಗಝಿನ್‌ಗೆ 12 ಗುಂಡು, ತೂಕ ಸುಮಾರು 590 ಗ್ರಾಂ. ಪುಟ್ಟ ಪಿ365ರಲ್ಲಿ ನನ್ನ ಕಿರುಬೆರಳಿಗೆ ಜಾಗ ಸಾಲದು, ಇದರಲ್ಲಿ ಕೂರುತ್ತದೆ. ಆ ಒಂದು ಬೆರಳಿನ ಹಿಡಿತಕ್ಕೆ ಎಷ್ಟು ಬೆಲೆ ಅನ್ನುವುದು ಹೊಡೆದು ನೋಡಿದವರಿಗೇ ಗೊತ್ತು. ಹೆಬ್ಬೆರಳಲ್ಲಿ ತಳ್ಳುವ ಸೇಫ್ಟಿ ಇರುವ ಮಾದರಿಯನ್ನೇ ಕೇಳಿ ತರಿಸಿಕೊಂಡೆ. ಗಾಬರಿಯಲ್ಲಿ ಅದನ್ನು ಮರೆತುಬಿಡುತ್ತೀರಿ ಅಂತ ಇಲ್ಲಿನ ಅನೇಕರು ಬೇಡ ಅನ್ನುತ್ತಾರೆ. ದಿನಾ ಸೊಂಟಕ್ಕೆ ಸೇರಿಸಿ ತೆಗೆಯುವ ಸಾಮಾನಿಗೆ ಒಂದು ತಡೆ ಜಾಸ್ತಿ ಇರಲಿ ಅಂತ ನನ್ನ ಲೆಕ್ಕ. ಮನೆಗೂ ಇದೇ, ಹೊರಗೂ ಇದೇ. ಎರಡು ಬೇರೆ ಬೇರೆ ಪಿಸ್ತೂಲು, ಎರಡು ಬಗೆಯ ಟ್ರಿಗರ್ ಕಲಿಯುವಷ್ಟು ಪುರುಸೊತ್ತು ನನಗಿಲ್ಲ.

9 ಎಂಎಂ ಸಾಕಾ ಅಂತ ಗಂಡಸರು ಕೇಳುತ್ತಲೇ ಇರುತ್ತಾರೆ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರನ್ನು ಕಳೆದುಕೊಂಡ ಮೇಲೆ ಎಫ್‌ಬಿಐ ದೊಡ್ಡ ಗುಂಡು ಹುಡುಕುತ್ತಾ 10 ಎಂಎಂಗೆ, ಆಮೇಲೆ .40ಕ್ಕೆ ಹೋಯಿತು. 2010ರ ದಶಕದಲ್ಲಿ ಮತ್ತೆ 9 ಎಂಎಂಗೇ ವಾಪಸ್ ಬಂತು. ಗುಂಡಿನ ತಯಾರಿಕೆ ಅಷ್ಟು ಸುಧಾರಿಸಿತ್ತು, ಒದೆತ ಕಮ್ಮಿಯಾದ್ದರಿಂದ ಗುರಿಯೂ ಚೆನ್ನಾಗಿತ್ತು. ಅವರಿಗೆ ಸಾಕಾದದ್ದು ನನಗೂ ಸಾಕು.

ಪಿಸ್ತೂಲಿಗಿಂತ ಹೆಚ್ಚು ತಲೆ ಕೆಡಿಸಿದ್ದು ಅದನ್ನು ಇಟ್ಟುಕೊಳ್ಳುವ ಬಗೆ. ಹ್ಯಾಂಡ್‌ಬ್ಯಾಗ್ ಬೇಡವೇ ಬೇಡ. ಕಳ್ಳ ಮೊದಲು ಕಸಿಯುವುದೇ ಅದನ್ನು. ನೀವು ಕುರ್ಚಿಗೆ ತಗುಲಿಹಾಕಿ ಎದ್ದು ಹೋದರೆ ಮಗು ಚಾಕೊಲೇಟ್ ಹುಡುಕಲು ಕೈ ಹಾಕುತ್ತದೆ. ಟ್ರಿಗರ್ ಪೂರ್ತಿ ಮುಚ್ಚುವ, ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ ಬೇಕು. ಅದನ್ನು ಹಿಡಿದಿಡುವ ಗಟ್ಟಿ ಬೆಲ್ಟೂ ಬೇಕು. ನಮ್ಮ ಲೆಗ್ಗಿಂಗ್ಸ್‌ಗೆ ಬೆಲ್ಟ್ ಎಲ್ಲಿಂದ ಬರಬೇಕು? ಕುರ್ತಿಯ ಒಳಗೆ ಅಗಲದ ಎಲಾಸ್ಟಿಕ್ ಪಟ್ಟಿ ಕಟ್ಟಿ ಅದಕ್ಕೆ ಕೈಡೆಕ್ಸ್ ಕೂರಿಸುವ ಬಗೆಯದು ತಗೊಂಡೆ. ಬರೀ ಬಟ್ಟೆಯ ಪಟ್ಟಿಯೂ ಸಿಗುತ್ತದೆ. ಟ್ರಿಗರ್ ಮೇಲೆ ಬಟ್ಟೆ ಒಂದೇ ಇದ್ದರೆ ಹೊರಗಿನಿಂದ ಏನಾದರೂ ಒತ್ತಬಹುದು, ಅದಕ್ಕೆ ಬಿಟ್ಟೆ. ಸೀರೆ ಉಟ್ಟ ದಿನ ಪಿಸ್ತೂಲು ಮನೆಯಲ್ಲೇ.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ದಾಟಿದ, ಬೇರೆ ಅಡ್ಡಿ ಇಲ್ಲದವರಿಗೆ ಪಿಸ್ತೂಲು ಒಯ್ಯಲು ಲೈಸನ್ಸ್ ಬೇಕಿಲ್ಲ. ಆದರೂ ನಾನು ಮಾಡಿಸಿದೆ. ಶಾಲೆಯಿಂದ ಸಾವಿರ ಅಡಿ ಒಳಗೆ ಬಂದೂಕು ಒಯ್ಯಬಾರದು ಅಂತ ಕೇಂದ್ರ ಕಾನೂನು ಇದೆ, ರಾಜ್ಯದ ಲೈಸನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ನಾನು ದಿನಾ ಮಗಳನ್ನು ಶಾಲೆಗೆ ಬಿಡುವವಳು. ಲೈಸನ್ಸಿಗೆ ಅರ್ಧ ದಿನದ ಪಾಠ, ಲಿಖಿತ ಪರೀಕ್ಷೆ, ಆಮೇಲೆ ಮೂರು, ಏಳು, ಹದಿನೈದು ಗಜ ದೂರದಿಂದ 50 ಗುಂಡು. 250ಕ್ಕೆ 175 ಬಂದರೆ ಪಾಸ್. ಇದು ಕಷ್ಟದ ಪರೀಕ್ಷೆ ಏನಲ್ಲ. ಪಾಸಾದೆ ಅಂತ ಬೀಗುವ ಹಾಗಿಲ್ಲ. ಬಾಗಿಲಲ್ಲಿ 30.06 ಅಂತ ಬೋರ್ಡ್ ಇದ್ದರೆ ಒಳಗೆ ಒಯ್ಯುವಂತಿಲ್ಲ, ದೇವಸ್ಥಾನವಾದರೂ ಸರಿ. ಶಾಲೆಯ ಕಟ್ಟಡ, ಪೋಸ್ಟ್ ಆಫೀಸ್, ಮದ್ಯದಿಂದಲೇ ಅರ್ಧಕ್ಕಿಂತ ಹೆಚ್ಚು ಆದಾಯ ಬರುವ ಬಾರ್, ಇಲ್ಲೆಲ್ಲ ಇಲ್ಲ. ನನ್ನ ಕೆಲಸದ ಜಾಗದಲ್ಲೂ ಇಲ್ಲ. ಕಾರಿನ ಸೀಟಿಗೆ ಕೇಬಲ್ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇನೆ.

ಮನೆಯ ವಿಷಯದಲ್ಲಿ ಊರಿನ ಲೆಕ್ಕ ನಡೆಯುವುದಿಲ್ಲ. ನಮ್ಮಲ್ಲಿ ಇಟ್ಟಿಗೆ ಗೋಡೆ. ಇಲ್ಲಿ ಒಳಗೋಡೆಗಳೆಂದರೆ ಮರದ ಚೌಕಟ್ಟಿಗೆ ಎರಡೂ ಕಡೆ ಹೊಡೆದ ಅರ್ಧ ಇಂಚಿನ ಜಿಪ್ಸಂ ಹಲಗೆ. ತಪ್ಪಿದ ಗುಂಡು ಒಂದಲ್ಲ, ಮೂರು ನಾಲ್ಕು ಗೋಡೆ ದಾಟುತ್ತದೆ. ತುದಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಗುಂಡು ಮೈಗೆ ತಗುಲಿದಾಗ ಅರಳಿ ಒಳಗೇ ನಿಲ್ಲುವುದು ಜಾಸ್ತಿ. ಗೋಡೆಯ ಮಟ್ಟಿಗೆ ಅದನ್ನೂ ನಂಬುವ ಹಾಗಿಲ್ಲ. ಹಾಗಾಗಿ ನಮ್ಮನೆಯವರ ಜೊತೆ ಕೂತು ಮನೆಯ ನಕ್ಷೆ ಬರೆದೆವು. ಮಗಳ ರೂಮಿನ ದಿಕ್ಕಿಗೆ ಯಾವ ಕಾರಣಕ್ಕೂ ಗುರಿ ಇಡುವುದಿಲ್ಲ. ಸದ್ದಾದರೆ ನಾನು ಹುಡುಕಿಕೊಂಡು ಹೋಗುವುದಿಲ್ಲ. ಅವರು ಮಗಳನ್ನು ನಮ್ಮ ರೂಮಿಗೆ ತರುತ್ತಾರೆ, ಬಾಗಿಲು ಹಾಕಿ 911ಕ್ಕೆ ಫೋನ್. ಪಿಸ್ತೂಲು ಆ ಬಾಗಿಲಿನ ಕಡೆಗೆ ಮಾತ್ರ. ಕೈಯಲ್ಲಿ ಬೇರೆ ಟಾರ್ಚ್ ಇರುತ್ತದೆ. ಪಿಸ್ತೂಲಿಗೇ ಕೂರಿಸುವ ಲೈಟ್ ನನಗೆ ಒಗ್ಗಲಿಲ್ಲ. ಅದರಲ್ಲಿ ಯಾರು ಬಂದರು ಅಂತ ನೋಡಬೇಕಾದರೆ ಬಂದವರ ಮೇಲೇ ಪಿಸ್ತೂಲು ತಿರುಗಿಸಬೇಕಲ್ವಾ?

ಮನೆಗೆ ಬಂದ ಕೂಡಲೇ ಅದು ಹಾಸಿಗೆಯ ಪಕ್ಕದ ಪೆಟ್ಟಿಗೆಗೆ ಹೋಗುತ್ತದೆ. ಬೆರಳಚ್ಚಿನ ಬೀಗ ಬೇಡ ಅಂದೆ. ಒದ್ದೆ ಬೆರಳು, ಇಳಿದುಹೋದ ಬ್ಯಾಟರಿ, ಎರಡನ್ನೂ ನಂಬಲಾರೆ. ಐದು ಗುಂಡಿ ಒತ್ತುವ ಮೆಕ್ಯಾನಿಕಲ್ ಬೀಗ ಇದೆ, ಕತ್ತಲಲ್ಲೂ ತೆರೆಯುತ್ತದೆ. 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಬಂದೂಕು ಸಿಗುವ ಹಾಗೆ ಅಜಾಗ್ರತೆಯಿಂದ ಇಡುವುದು ಟೆಕ್ಸಸ್‌ನಲ್ಲಿ ಅಪರಾಧವೂ ಹೌದು. ಅತ್ತೆ ಮಾವ ಊರಿಂದ ಬಂದಾಗ ಮೊದಲ ದಿನವೇ "ಅತ್ತೆ, ಈ ಪೆಟ್ಟಿಗೆ ಮುಟ್ಟಬೇಡಿ, ಒಳಗೆ ಪಿಸ್ತೂಲಿದೆ" ಅಂತ ನೇರವಾಗಿ ಹೇಳಿದೆ. ಅತ್ತೆ ಕೂಡಲೇ ಪೆಟ್ಟಿಗೆಗೆ ಹೊದಿಸಲು ಬಟ್ಟೆ ಹುಡುಕಿದರು.

ಇನ್ನೊಂದು ಮಾತು, ಊರಿಗೆ ಹೋಗುವವರಿಗೆ. ರೇಂಜಿಗೆ ಒಯ್ಯುವ ಬ್ಯಾಗನ್ನು ಯಾವತ್ತೂ ಪ್ರಯಾಣಕ್ಕೆ ಬಳಸಬೇಡಿ. ಅದರ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಭಾರತದ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ. ಗೊತ್ತಿಲ್ಲದೆ ಉಳಿದಿತ್ತು ಅಂತ ಕೋರ್ಟ್‌ನಲ್ಲಿ ವಾದಿಸಿ ಬಿಡಿಸಿಕೊಂಡವರು ಇದ್ದಾರೆ. ಆದರೆ ಅಷ್ಟರಲ್ಲಿ ವಾಪಸ್ ಬರುವ ವಿಮಾನ ಯಾವಾಗಲೋ ಹೋಗಿರುತ್ತದೆ. ನನ್ನ ರೇಂಜ್ ಬ್ಯಾಗ್ ಕೆಂಪು ಬಣ್ಣದ್ದು, ಗ್ಯಾರೇಜ್ ಬಿಟ್ಟು ಮನೆಯೊಳಗೆ ಬರುವುದೇ ಇಲ್ಲ.